ಬಸಿದ ನೀರು

ಡಯಾಲಿಸಿಸ್ ಮುಗಿಸಿ ಚಿತ್ರದುರ್ಗದಿಂದ ನಮ್ಮೂರು ತಾಳ್ಯ ಮುಟ್ಟುವಷ್ಟರಲ್ಲಿ ಅಪ್ಪ ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು. ಡಯಾಲಿಸಿಸ್‌ಗೆ ಮುಂಚೆ ಮಾಡಿದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಈ ಸಲವೂ ಇಳಿದಿರಲಿಲ್ಲ. “ಹೀಗೇ ಏರಿದರೆ ಹೃದಯವೇ ನಿಲ್ಲಬಹುದು. ಮನೆಯಲ್ಲಿ ಏನು ಕೊಡ್ತಿದೀರಿ?” ಎಂದು ಡಾಕ್ಟರು ಕೇಳಿದ್ದರು. ಹೊಳಲ್ಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನಾನು ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕುತ್ತ ಬಂದೆ. ಎಳನೀರು, ಬಾಳೆಹಣ್ಣು ನಿಲ್ಲಿಸಿಯಾಗಿತ್ತು. ಸೊಪ್ಪು, ತರಕಾರಿಯನ್ನು ಬೇಯಿಸಿ ನೀರು ಬಸಿದೇ ಕೊಡಬೇಕೆಂದು ಅಮ್ಮನಿಗೆ ತಿಳಿಸಿಯೂ ಆಗಿತ್ತು.

“ಬರ್ರಿ, ಕುಂತ್ಕಳ್ರಿ,” ಎಂದು ಅಮ್ಮ ಅಪ್ಪನಿಗೆ ತಟ್ಟೆ ಇಟ್ಟಳು. ಅನ್ನ, ಪಕ್ಕದಲ್ಲಿ ಬಣ್ಣ ಕಳೆದುಕೊಂಡ ಸೊಪ್ಪಿನ ಪಲ್ಯ. ಆಮೇಲೆ ಅನ್ನದ ಮೇಲೆ ಘಮಘಮಿಸುವ ಸಾರು.

“ಅಮ್ಮ, ಇದು ಎಂಥ ಸಾರು?”

“ಬಸ್ಸಾರು ಕಣೆ. ನೀನೇ ನೀರು ಬಸಿ ಅಂದೆ, ದಿನಾ ಬಸೀತಿದೀನಿ. ಬಸಿದ ನೀರಿಗೆ ಖಾರ ರುಬ್ಬಿ ಹಾಕದೆ ಇನ್ನೇನು ಮಾಡ್ತಾರೆ?”

“ಚೆಲ್ಲಬೇಕಿತ್ತು.”

“ಚೆಲ್ಲೋದಾ? ಸೊಪ್ಪಿನ ಸತ್ವ ಎಲ್ಲ ಅದ್ರಾಗೇ ಐತೆ! ಕಾಲೇಜಾಗೆ ಇದನ್ನೇ ಹೇಳಿಕೊಡ್ತೀಯೇನು?”

ಅವಳು ಹೇಳಿದ್ದು ಸರಿ. ತೊಂದರೆಯೂ ಅದೇ. ಸೊಪ್ಪಿನ ಪೊಟ್ಯಾಸಿಯಂ ನೀರಿಗಿಳಿಯುತ್ತದೆ, ನಮಗದು ಒಳ್ಳೆಯದು. ಅಪ್ಪನ ಮೂತ್ರಪಿಂಡಕ್ಕೆ ಅದನ್ನು ಹೊರಹಾಕುವ ಶಕ್ತಿಯಿಲ್ಲ. ಸಂಜೆಯ ಕೊನೇ ಪೀರಿಯಡ್ಡಿನಲ್ಲಿ ಹೇಳುವ ದನಿಯಲ್ಲೇ ಅದನ್ನೆಲ್ಲ ಹೇಳಿದೆ. ಗದರಲು ತ್ರಾಣವಿರಲಿಲ್ಲ.

ಸೌಟು ಅಮ್ಮನ ಕೈಯಲ್ಲೇ ಉಳಿಯಿತು. “ಹಂಗಾದ್ರೆ ಇಷ್ಟು ದಿನ ನಾನೇ...”

“ಬಿಡೇ ಕೊಟ್ರಮ್ಮ,” ಅಪ್ಪ ತಟ್ಟೆಯನ್ನು ಮೆಲ್ಲಗೆ ಅತ್ತ ಸರಿಸಿದರು. “ರುಚಿಯಾಗೇ ಇತ್ತು.”

ಅಮ್ಮ ಬೇರೆ ತಟ್ಟೆ ತಂದಳು. ಅಪ್ಪ ಒಣ ಪಲ್ಯದಲ್ಲೇ ಅನ್ನ ಕಲಸಿ ಉಂಡರು.

ಮರುದಿನ ಬೆಳಿಗ್ಗೆ ಅಮ್ಮ ಬಸಿದ ನೀರಿನ ಪಾತ್ರೆ ಹಿಡಿದು ಬಚ್ಚಲ ಮೋರಿಯ ಹತ್ತಿರ ನಿಂತಳು. ಸುರಿಯಲಿಲ್ಲ. ಆರುವವರೆಗೆ ಕಾದು, ಹಿತ್ತಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಹಾಕಿದಳು.

“ಗಿಡಕ್ಕೆ ಯೋಗ ಬಂತು ನೋಡು,” ಅಂದರು ಅಪ್ಪ, ಬಾಗಿಲಲ್ಲಿ ಕೂತು.

“ಸುಮ್ಕೆ ಕುಂತ್ಕಳ್ರಿ.”

“ನಿನಗಾದರೂ ಸಾರು ಮಾಡ್ಕೊಬಹುದಲ್ಲಮ್ಮ,” ಅಂದೆ.

ಅಮ್ಮ ಖಾಲಿ ಪಾತ್ರೆಯನ್ನು ಮಗುಚಿ ತಟ್ಟಿದಳು.

“ಆ ವಾಸ್ನೆ ಬಂದ್ರೆ ಇವರು ಒಣ ಅನ್ನ ಉಣ್ತಾರೇನೇ?”