ಗಾಜಿನ ಬಟ್ಟಲಲ್ಲಿ ಉಳಿದದ್ದು

"ಬಾಗಿಲು ತೆಗೀರಿ" ಎಂದು ಬಡಿದು ಬಡಿದು ಬಸ್ ಡ್ರೈವರನ ಅಂಗೈ ಕೆಂಪಾಗಿತ್ತು. ರಸ್ತೆಯಲ್ಲಿ ನಿಂತ ಶವದ ವ್ಯಾನಿನಲ್ಲಿ ಅವನ ಹೆಂಡತಿ ಮಲಗಿದ್ದಳು. ಸ್ಮಶಾನದ ದಾರಿಯಲ್ಲಿ, ಅವಳು ದುಡಿದ ಪ್ರಯೋಗಾಲಯದ ಮುಂದೆ, ಹಟ ಹಿಡಿದು ಇಳಿದುಬಂದಿದ್ದ. ಬೇಡವೆಂದ ಭಾವಮೈದುನನ ಮಾತು ಕಿವಿಗೇ ಹಾಕಿಕೊಂಡಿರಲಿಲ್ಲ.

ಬಾಗಿಲು ತೆರೆದವಳು ಹೆಂಡತಿಯ ಕೈಕೆಳಗೆ ಕೆಲಸ ಕಲಿತ ಹುಡುಗಿ. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು.

"ಅವಳ ಗಡ್ಡೆಯ ಚೂರು ಇಲ್ಲಿದೆಯಲ್ಲ, ಕೊಡಮ್ಮ. ಒಟ್ಟಿಗೇ ಸುಡಬೇಕು."

"ಅದಕ್ಕಿನ್ನೂ ಜೀವ ಇದೆ ಅಣ್ಣ."

*

ಹೆಂಡತಿಯ ಕೆಲಸವೆಲ್ಲ ಕತ್ತಲ ಕೋಣೆಯಲ್ಲಿ. ಜೀವಂತ ಮಾಂಸದ ಚೂರಿಗೆ ಹೊಳೆಯುವ ಬಣ್ಣ ಉಣಿಸಿ, ಅದರ ಆಳಕ್ಕೆ ಬೆಳಕು ಹಾಯಿಸಿ, ಕಣ್ಣು ಮಿಟುಕಿಸುವುದರೊಳಗೆ ಒಳಗಿನದನ್ನೆಲ್ಲ ಚಿತ್ರ ಹಿಡಿಯುತ್ತಿದ್ದಳು.

"ಅಷ್ಟೇನೇ ಅವಸರ?" ಎಂದು ಅವನು ರೇಗಿಸುತ್ತಿದ್ದ.

"ನಿಧಾನ ಮಾಡಿದ್ರೆ ಬೆಳಕಿಗೇ ಸತ್ತುಹೋಗ್ತವೆ ಕಣ್ರೀ. ನಿಮ್ಮ ಬಸ್ಸಲ್ಲ ಇದು."

ಅವಳ ಹೊಟ್ಟೆಯಲ್ಲೇ ಕ್ಯಾನ್ಸರ್ ಗಡ್ಡೆ ಸಿಕ್ಕಿದಾಗ, ಆಪರೇಷನ್ನಿನಲ್ಲಿ ತೆಗೆದ ಚೂರನ್ನು ತಾನೇ ಇಲ್ಲಿಗೆ ಕಳಿಸಿದಳು. ಯಾವ ಔಷಧಿ ಒಳಗಿನವರೆಗೂ ಇಳಿಯುತ್ತದೆಂದು ನೋಡಬೇಕಿತ್ತು. ಯಾವುದೂ ಇಳಿಯಲಿಲ್ಲ.

*

ಹುಡುಗಿ ಚೂರಿದ್ದ ಗಾಜಿನ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪರದೆಯ ಮೇಲೆ ಹಸಿರು ಚುಕ್ಕೆಗಳು ಮೆಲ್ಲಗೆ ತೆವಳುತ್ತಿದ್ದವು.

"ಇದೇನಾ ಅವಳನ್ನ ತಿಂದಿದ್ದು?"

"ಹೂಂ ಅಣ್ಣ."

"ಹಾಳಾದ್ದು, ಕೊಬ್ಬು ನೋಡು ಅದಕ್ಕೆ." ಬೈಯುತ್ತಲೇ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಅವಳದ್ದು ಅಂತ ಇದರಲ್ಲಿ ಏನೂ ಇಲ್ವಾ?"

"ಎಲ್ಲಾ ಮೇಡಮ್‌ದೇ. ಅವರ ಜೀವಕೋಶಗಳೇ ಕೆಟ್ಟಿದ್ದು."

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನು."

ಹುಡುಗಿ ತಲೆ ತಗ್ಗಿಸಿದಳು. "ಇನ್ನೊಂದು ಔಷಧಿ ಹಾಕಿ ನೋಡೋದಿತ್ತು. ಮೇಡಮ್ ಹೇಳಿಟ್ಟಿದ್ರು."

"ಅವಳಿಗೇ ಆಗದ ಔಷಧಿ ಇನ್ನು ಯಾರಿಗಮ್ಮ?"

ಭಾವಮೈದುನ ಬಾಗಿಲಲ್ಲಿ ಬಂದು ನಿಂತ. "ಭಾವ, ಎಷ್ಟು ಹೊತ್ತು? ಅಲ್ಲಿ ಜನ ಕಾಯ್ತಿದ್ದಾರೆ."

ಡ್ರೈವರ್ ಮತ್ತೆ ಪರದೆಯತ್ತ ತಿರುಗಿದ. ಬಿಟ್ಟುಹೋದರೆ ಅವಳನ್ನು ಕೊಂದದ್ದು ಇಲ್ಲಿ ಬದುಕಿರುತ್ತದೆ. ಸುಟ್ಟರೆ ಅವಳದೆನ್ನುವ ಜೀವ ಭೂಮಿಯ ಮೇಲೆ ಎಲ್ಲೂ ಉಳಿಯುವುದಿಲ್ಲ. ಎರಡೂ ಅವನಿಂದಾಗದು, ಒಂದನ್ನು ಮಾಡಲೇಬೇಕು.

"ಕೊಟ್ಟುಬಿಡಮ್ಮ."

ಹುಡುಗಿ ಗಾಜಿನ ಬಟ್ಟಲಿಗೆ ಮುಚ್ಚಳ ಹಾಕಿ ಕೊಟ್ಟಳು. "ತಣ್ಣಗಾದ್ರೆ ಸಾಯ್ತವೆ" ಎಂಬ ಮಾತು ಅಭ್ಯಾಸಬಲದಿಂದ ಅವಳ ಬಾಯಿಗೆ ಬಂತು.

ವ್ಯಾನು ಹೊರಟಿತು. ಹೆಂಡತಿಯ ಪಕ್ಕ ಕೂತವನು ಅಂಗಿಯ ಗುಂಡಿ ಬಿಚ್ಚಿ, ಬಟ್ಟಲನ್ನು ಬರಿಮೈಗೆ ಒತ್ತಿಕೊಂಡು, ಮೇಲೆ ಎರಡೂ ಕೈ ಮುಚ್ಚಿದ.