ಹೆಚ್ಚಾದ ಕಾಲುಂಗುರ

ನಾನು ಒಂದು ಬೆಳ್ಳಿಯ ಕಾಲುಂಗುರ. ಗದಗಿನ ಪತ್ತಾರನೊಬ್ಬನ ಅಗ್ಗಿಷ್ಟಿಕೆಯಲ್ಲಿ ಕರಗಿ, ಸುತ್ತಿಗೆಯ ಏಟು ತಿಂದು, ಜೋಡಿಯಾಗಿ ಹುಟ್ಟಿದೆ. ಬಲಗಾಲು ನನ್ನ ಪಾಲಿಗೆ ಬಂತು. ಮದುವೆಯ ಹಂದರದಲ್ಲಿ ಬಸಲಿಂಗವ್ವನ ಬೆರಳಿಗೆ ಏರಿದಾಗ ಅವಳ ನೆತ್ತರಿನ ಮಿಡಿತ ಕೇಳಿಸಿತು. ಅದನ್ನೇ ಜೋಗುಳ ಮಾಡಿಕೊಂಡು ಅರೆನಿದ್ದೆಯಲ್ಲೇ ಬಾಳಿದೆ.

ಅವಳೂ ಗಂಡ ಅಡವೆಪ್ಪನೂ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದರು. ಅವಳು ಒಲೆಯ ಮುಂದೆ ಕಾಲು ಮಡಚಿ ಕೂತು ರೊಟ್ಟಿ ಬಡಿಯುವಳು. ಪಟಪಟ ಸದ್ದು, ಹಿಟ್ಟಿನ ಮಬ್ಬು, ಒಲೆಯ ಕಾವು. ಏಳುವಾಗ "ಕಾಲು ಜುಮ್ ಅಂತಾವ ನೋಡ್ರಿ" ಎಂದು ನಗುವಳು. ನಾನೂ ನಗುತ್ತಿದ್ದೆ, ದಡ್ಡ ಬೆಳ್ಳಿ.

ವಯಸ್ಸಾಯಿತು. ಕಾಲು ಊದಿ, ನಾವಿಬ್ಬರೂ ಬೆರಳ ಮಾಂಸದಲ್ಲಿ ಹುಗಿದುಹೋದೆವು. ಜೋಗುಳ ಸಣ್ಣಗಾಯಿತು. ಡಾಕ್ಟರಬಾಯಿ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ವಿಟಮಿನ್ ಕಮ್ಮಿ ಅದ, ಅದಕ್ಕ ಜೋಮು. ರಕ್ತ ಸರಿ ಓಡವಲ್ದು, ಅದಕ್ಕ ಬಾವು. ಈ ಗುಳಿಗಿ ಕಾಲಿಗೆ. ಕಾಲು ಮಡಚಿ ಕೂಡಬ್ಯಾಡ್ರಿ, ದಿನಾ ಅಡ್ಡಾಡ್ರಿ. ಮೊದಲ ಈ ಉಂಗುರ ತಗೀರಿ, ಇಲ್ಲಾಂದ್ರ ಬೆರಳು ಉಳಿಯಂಗಿಲ್ಲ."

ಗುಳಿಗೆ ಕಾಲಿಗೆ ಅಂದರಲ್ಲ! ಬಸಲಿಂಗವ್ವ ಅದನ್ನು ಕುಟ್ಟಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಕಾಲಿಗೇ ತಿಕ್ಕಿದಳು. ನನಗೂ ವಿಟಮಿನ್ನಿನ ಅಭ್ಯಂಜನವಾಯಿತು. ಅಡವೆಪ್ಪ ಹಣೆ ಬಡಿದುಕೊಂಡು, ಮರುದಿನದಿಂದ ಎದುರಿಗೆ ನಿಂತು ನುಂಗಿಸತೊಡಗಿದ. ಉಂಗುರದ ಮಾತಿಗೆ ಮಾತ್ರ ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಗಂಡ ಸತ್ತಾಕಿ ತಗೀತಾಳ. ನೀವು ಇರೂತನ ನಾ ಹೆಂಗ ತಗೀಲಿ? ಬೆರಳು ಹೋದ್ರ ಹೋಗ್ಲಿ."

ಬೆರಳು ನೀಲಿಗಟ್ಟಿತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಅದರ ಕತ್ತು ಹಿಸುಕುತ್ತಿದ್ದುದು ನಾನೇ. ಬಿಡೋಣವೆಂದರೆ ಕೈಯಿಲ್ಲ, ಹೇಳೋಣವೆಂದರೆ ಬಾಯಿಲ್ಲ.

ಒಂದು ಮಧ್ಯಾಹ್ನ ಅಡವೆಪ್ಪ ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಬಳಿ ಒಡದ್ರ, ಒಡದ್ವು ಅಂತೀ ಏನ?"

"ಬಿಡ್ತು ಅನ್ರಿ! ಹೆಚ್ಚಾದುವು ಅನಬೇಕು."

"ಮತ್ತ ಇವೂ ಹಂಗ. ತಗಿಯೂದಲ್ಲ. ನಿನ್ನ ಕಾಲಿಗೆ ಹೆಚ್ಚಾಗ್ಯಾವ. ಹೌದಿಲ್ಲೊ, ನೀನ ನೋಡು."

ಅವಳು ಉಬ್ಬಿದ ಬೆರಳನ್ನು ಬಹಳ ಹೊತ್ತು ನೋಡಿದಳು.

"ಹೆಚ್ಚಾಗ್ಯಾವ," ಎಂದಳು ಕಡೆಗೆ.

ಮನೆಗೆ ಬಂದ ಪತ್ತಾರ ಮೆಲ್ಲಗೆ ಕತ್ತರಿ ಹಾಕಿದ. ತಡೆದಿದ್ದ ನೆತ್ತರು ಕಾಲುವೆಗೆ ನೀರು ಬಿಟ್ಟಂತೆ ನುಗ್ಗಿತು. ಉರಿ ತಾಳದೆ ಅವಳು "ಯವ್ವಾ" ಎಂದಳು. ಆದರೂ ಬೆರಳನ್ನು ನೋಡಲಿಲ್ಲ. ಗಂಡನ ಮುಖ ನೋಡಿದಳು, ಉಸಿರಿಗೆ ಏರಿಳಿಯುವ ಅವನ ಎದೆ ನೋಡಿದಳು.

"ಅದೀನಿ," ಎಂದ ಅಡವೆಪ್ಪ. ಅವನ ಕಣ್ಣು ತುಂಬಿತ್ತು.

ಬೆರಳು ಉಳಿಯಿತು. ಈಗ ನಾವು ಜೋಡಿ ದೇವರ ಜಗಲಿಯ ಮೇಲೆ, ಅರಿಶಿನದ ಬಟ್ಟಲಲ್ಲಿ, ಬಾಯಿ ತೆರೆದು ಮಲಗಿದ್ದೇವೆ. ಬಿಗಿಯಾಗಿ ಹಿಡಿದಿರುವುದೇ ನಿಷ್ಠೆ ಎಂದು ನಂಬಿದ್ದೆ. ಬಿಟ್ಟ ಮೇಲೂ ಮಮತೆ ಹೋಗಲಿಲ್ಲ. ಬೆಳಿಗ್ಗೆ ಅಡ್ಡಾಡಲು ಹೊರಡುವ ಮೊದಲು ಬಸಲಿಂಗವ್ವ ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ಅದೀರೇನ್ರೀ?"

ಇಷ್ಟು ವರ್ಷ ಗಂಡ ಇದ್ದಾನೆಂಬುದನ್ನು ನನ್ನ ಮುಟ್ಟಿ ತಿಳಿದುಕೊಳ್ಳುತ್ತಿದ್ದಳು. ಈಗ ಅವನನ್ನೇ ಕೇಳುತ್ತಾಳೆ.