ಬೆಳ್ಳಿ ಕಣ್ಣು

ಡಾಕ್ಟರು ಕಾದಾಟದ ಪಂಜರದೊಳಗೆ ಬಂದು ಸಿಂಚನಳ ಗಲ್ಲ ಹಿಡಿದೆತ್ತಿ, ಪುಟ್ಟ ಟಾರ್ಚು ಬಿಟ್ಟು, "ಕಣ್ಣು ಕಾಣ್ತಿದ್ಯಾಮ್ಮ?" ಎಂದು ಕೇಳಿದಾಗ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಅವರ ಕನ್ನಡಕದ ಗಾಜಿನ ಮೇಲಿದ್ದ ಬೆರಳಿನ ಗುರುತು ಕೂಡ ಕಾಣುತ್ತಿತ್ತು. ಬಲೆಯ ಆಚೆ ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತಿದ್ದ ಉಸ್ತಾದ್ ತಮ್ಮಯ್ಯನವರೂ ಕಾಣುತ್ತಿದ್ದರು. ಅವಳು ಒಮ್ಮೆ ಅವರನ್ನು ನೋಡಿದಳು, ಆಮೇಲೆ ಡಾಕ್ಟರನ್ನು ನೋಡಿದಳು.

"ಮಂಜು ಮಂಜಾಗೈತೆ ಸಾರ್," ಎಂದಳು.

ಕಾಣುತ್ತದೆ ಎಂದರೆ ಎದ್ದು ಮತ್ತೆ ಕಾದಾಡಬೇಕಿತ್ತು. ಆ ಕ್ಷಣದಲ್ಲಿ ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

ಸಿಂಚನ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನವಳು. ಪಾಂಡವಪುರದಲ್ಲಿ ತಮ್ಮಯ್ಯನವರ ಗರಡಿಯಲ್ಲಿ ಕುಸ್ತಿ ಕಲಿತವಳು, ಕಾಲೇಜು ಮುಗಿಯುವ ಹೊತ್ತಿಗೆ ಗುದ್ದು, ಒದೆ, ಕುಸ್ತಿ ಎಲ್ಲ ಕೂಡಿದ ಎಂಎಂಎ ಕಾದಾಟಕ್ಕೆ ಇಳಿದು ಅದನ್ನೇ ವೃತ್ತಿ ಮಾಡಿಕೊಂಡಿದ್ದಳು. ಅವತ್ತು ಬೆಂಗಳೂರಿನಲ್ಲಿ ಅವಳ ಎದುರಾಳಿಯಾಗಿದ್ದವಳು ನಾಗಮಂಗಲದ ಅರ್ಚನ. ಒಂದೇ ಜಿಲ್ಲೆಯ ಇಬ್ಬರು ಹುಡುಗಿಯರೆಂದು ಸಂಘಟಕರು ದೊಡ್ಡದಾಗಿ ಪ್ರಚಾರ ಮಾಡಿದ್ದರು. ಮೊದಲ ಸುತ್ತಿನಲ್ಲೇ ಸಿಂಚನಳಿಗೆ ತಾನು ಸೋಲುತ್ತಿದ್ದೇನೆಂದು ಗೊತ್ತಾಗಿತ್ತು. ಕಾಲಿಗೆ ಕೈ ಹಾಕಿದಾಗಲೆಲ್ಲ ಅರ್ಚನ ಜಾರಿಕೊಂಡು ಗುದ್ದುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಒದೆಗೆ ಉಸಿರು ಕಟ್ಟಿ, ಸಿಂಚನ ಮಂಡಿ ಮತ್ತು ಕೈ ಎರಡನ್ನೂ ನೆಲಕ್ಕೂರಿದಳು. ಹಾಗೆ ಊರಿದವರ ತಲೆಗೆ ಮಂಡಿಯಲ್ಲಿ ಹೊಡೆಯುವಂತಿಲ್ಲ, ಅದು ನಿಯಮ. ಅರ್ಚನಳ ಮಂಡಿ ಆಗಲೇ ಮೇಲೆದ್ದಿತ್ತು. ಅದು ಸಿಂಚನಳ ಕೆನ್ನೆಗೆ ಬಡಿಯಿತು. ನೋವೇನೋ ಆಯಿತು, ಎದ್ದು ನಿಲ್ಲಲಾಗದಷ್ಟು ಆಗಿರಲಿಲ್ಲ.

ಕಣ್ಣು ಕಾಣದವಳು ಮುಂದೆ ಕಾದಾಡಲಾರಳೆಂದು ಡಾಕ್ಟರು ಹೇಳಿದ ಮೇಲೆ ರೆಫರಿ ಅರ್ಚನಳನ್ನು ಅನರ್ಹಗೊಳಿಸಿ ಸಿಂಚನಳ ಕೈ ಎತ್ತಿ ಹಿಡಿದ. ಅರ್ಚನ ಅವಳ ಮುಂದೆ ಕುಕ್ಕರಿಸಿ ಕೂತು, "ಸಾರಿ ಕಣೇ, ನೀನು ಕೈ ಊರಿದ್ದು ನಂಗೆ ಗೊತ್ತಾಗ್ಲಿಲ್ಲ, ದೇವ್ರಾಣೆ," ಎಂದು ಅಳತೊಡಗಿದಳು. ಸಿಂಚನ ಕಣ್ಣು ಮುಚ್ಚಿಕೊಂಡಳು. ನೋವಿಗೆ ಮುಚ್ಚಿಕೊಂಡಳೆಂದು ಎಲ್ಲರೂ ತಿಳಿದರು.

ಆ ಹೊಡೆತದ ವಿಡಿಯೊ ಊರಿಂದೂರಿಗೆ ಹರಿದಾಡಿತು. ಅರ್ಚನಳನ್ನು ಕಂಡುಕೇಳರಿಯದವರೆಲ್ಲ ಅದರ ಕೆಳಗೆ ಅವಳನ್ನು ಬಾಯಿಗೆ ಬಂದಂತೆ ಬೈದು ಬರೆದರು. ಅವಳು ಹೋಗಬೇಕಿದ್ದ ವಿದೇಶದ ಪಂದ್ಯಕ್ಕೆ ಸಿಂಚನಳನ್ನೇ ಕರೆದರು. ಕಿರಂಗೂರಿನಲ್ಲಿ ಹಾಲಿನ ಡೈರಿಯ ಮುಂದೆ ಶಾಮಿಯಾನ ಹಾಕಿ ಸನ್ಮಾನ ಇಟ್ಟುಕೊಂಡರು. ಡೈರಿಯ ಅಧ್ಯಕ್ಷ ಕೆಂಪಣ್ಣ ಅವಳ ತಲೆಗೆ ಮೈಸೂರು ಪೇಟ ತೊಡಿಸಿ ಮೈಕು ಹಿಡಿದರು.

"ಆ ನಾಗಮಂಗಲದೋಳು ಮೋಸ ಮಾಡಿ ಕಣ್ಣಿಗೇ ಒಡುದ್ರೂ ನಮ್ಮೂರ ಮಗ ಗೆದ್ಕಂಡು ಬಂತು. ಸತ್ಯ ಯಾವತ್ತೂ ಸೋಲಕಿಲ್ಲ ಅನ್ನಕ್ಕೆ ಇದೇ ಸಾಕ್ಷಿ."

ಜನ ಚಪ್ಪಾಳೆ ತಟ್ಟಿದರು. ಸಿಂಚನ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಮಾತಾಡು ಎಂದು ಮೈಕು ಕೊಟ್ಟರೆ "ಎಲ್ರಿಗೂ ನಮಸ್ಕಾರ" ಎಂದಷ್ಟೇ ಹೇಳಿ ಕೂತುಬಿಟ್ಟಳು. ಹುಡುಗಿಗೆ ಎಷ್ಟು ವಿನಯ ಎಂದು ಹೆಂಗಸರು ಮಾತಾಡಿಕೊಂಡರು.

ತಾಯಿ ಸರಸಮ್ಮನಿಗೆ ಮಾತ್ರ ಗೆಲುವಿನ ಮೇಲೆ ಗಮನವಿರಲಿಲ್ಲ. ಮಗಳ ಕಣ್ಣು ಉಳಿದರೆ ಸಾಕೆಂದು ಗಂಜಾಮಿನ ನಿಮಿಷಾಂಬಾ ದೇವಿಗೆ ಹರಕೆ ಹೊತ್ತಿದ್ದಳು. ಮೈಸೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಏನೂ ಆಗಿಲ್ವಲ್ಲ, ಕಣ್ಣು ಚೆನ್ನಾಗಿದೆ," ಎಂದಾಗ ಅವಳು ಆಸ್ಪತ್ರೆಯಲ್ಲೇ ಕೈ ಮುಗಿದಳು.

"ಅಮ್ಮ ಕಾಪಾಡುದ್ಲು."

ಗಂಡ ತೀರಿಕೊಂಡ ಮೇಲೆ ತೆಗೆದಿಟ್ಟಿದ್ದ ತನ್ನ ಮದುವೆಯ ಕಾಲುಚೈನನ್ನು ಅಕ್ಕಸಾಲಿಗೆ ಕೊಟ್ಟು ಒಂದು ಜೊತೆ ಬೆಳ್ಳಿ ಕಣ್ಣು ಮಾಡಿಸಿದಳು. ಶುಕ್ರವಾರ ಮಗಳನ್ನು ಗುಡಿಗೆ ಕರೆದುಕೊಂಡು ಹೋದಳು. ಅರ್ಚಕ ನಂಜುಂಡಯ್ಯನವರು ತಟ್ಟೆ ಹಿಡಿದು ಕಾಯುತ್ತಿದ್ದರು. ಸರಸಮ್ಮ ಆ ಬೆಳ್ಳಿ ಕಣ್ಣುಗಳನ್ನು ಮೊದಲು ಮಗಳ ರೆಪ್ಪೆಗಳಿಗೆ ಒತ್ತಿದಳು. ಬೆಳ್ಳಿ ತಣ್ಣಗಿತ್ತು.

ಅವ್ವಾ, ಬ್ಯಾಡ. ಸಿಂಚನ ಇಷ್ಟು ಹೇಳಿದ್ದರೆ ಸಾಕಿತ್ತು. ಬೆಳ್ಳಿ ಕಣ್ಣುಗಳು ತಟ್ಟೆಗೆ ಬಿದ್ದವು. ಅರ್ಚಕರು ಕುಂಕುಮ ಕೊಟ್ಟು, "ನೂರು ವರ್ಷ ಚೆನ್ನಾಗಿ ನೋಡ್ಕೊಂಡಿರಮ್ಮ," ಎಂದು ಹರಸಿದರು.

ತಾಯಿಯನ್ನು ಆಟೊ ಹತ್ತಿಸಿ ಅವಳು ಪಾಂಡವಪುರದ ಬಸ್ಸು ಹಿಡಿದಳು. ಗರಡಿಯಲ್ಲಿ ತಮ್ಮಯ್ಯ ಕುಸ್ತಿ ಆಡುವ ಮಟ್ಟಿಯ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ಉಸ್ತಾದ್, ಅವತ್ತು ನಂಗೆ ಕಣ್ಣು ಕಾಣ್ತಿತ್ತು."

ತಮ್ಮಯ್ಯ ತಲೆ ಎತ್ತಲಿಲ್ಲ. "ಗೊತ್ತು ಕಣವ್ವ. ಡಾಕ್ಟ್ರು ಕೇಳ್ದಾಗ ನೀನು ನೆಟ್ಟಗೆ ನನ್ನೇ ನೋಡ್ದೆ. ಮಂಜಾದ ಕಣ್ಣು ಅಂಗೆ ನೋಡಕಿಲ್ಲ."

"ಮತ್ತೆ ಯಾಕೆ ಸುಮ್ಕಿದ್ರಿ?"

"ಗೆಲುವು ಕಣವ್ವ. ನಮ್ಮ ಗರಡಿ ಎಸ್ರು ಮೈಕ್ನಲ್ಲಿ ಕೂಗ್ತಾವ್ರೆ. ನಂಗೂ ಆಸೆ ಆಯ್ತು." ಚೊಂಬನ್ನು ಕೆಳಗಿಟ್ಟರು. "ನಿಂಗೆ ಬುದ್ಧಿ ಹೇಳಕ್ಕೆ ನಂಗೇನು ಮುಖ ಐತೆ? ನೀನು ಹೋಗಿ ಆ ಹುಡುಗಿನ ನೋಡು. ನಾನೂ ಬರ್ತಿದ್ದೆ, ಕಾಲು ಬರ್ತಿಲ್ಲ."

ಮರುದಿನ ಅವಳೊಬ್ಬಳೇ ನಾಗಮಂಗಲಕ್ಕೆ ಹೋದಳು. ಅರ್ಚನಳ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಬಾಗಿಲು ತೆಗೆದವರು ಅವಳ ತಂದೆ ನಾಗೇಂದ್ರ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸಿಂಚನಳನ್ನು ಗುರುತಿಸಿದ ಕೂಡಲೇ ಎರಡೂ ಕೈ ಜೋಡಿಸಿದರು.

"ಬನ್ನಿ ಅಮ್ಮ. ನಾವೇ ನಿಮ್ಮ ಮನೆಗೆ ಬರಬೇಕಿತ್ತು. ನಮ್ಮ ಮಗಳಿಂದ ನಿಮಗೆ ತುಂಬಾ ತೊಂದರೆ ಆಯ್ತು. ಕಣ್ಣು ಹೇಗಿದೆ ಈಗ?"

ಸಿಂಚನಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಕುರ್ಚಿ ಎಳೆದು ಕೂರಿಸಿ ಮಜ್ಜಿಗೆ ತಂದುಕೊಟ್ಟರು. ಅವಳು ಅದನ್ನು ಮುಟ್ಟಲಿಲ್ಲ. ಅರ್ಚನ ಒಳಗಿನಿಂದ ಬಂದು ಗೋಡೆಗೊರಗಿ ನಿಂತಳು. ಬಹಳ ಇಳಿದುಹೋಗಿದ್ದಳು.

"ನನ್ ಕಣ್ಣಿಗೆ ಏನೂ ಆಗಿರ್ಲಿಲ್ಲ," ಎಂದಳು ಸಿಂಚನ. "ಏಳಕ್ಕೆ ಭಯ ಆಯ್ತು. ನೀನು ಇನ್ನೂ ಒಡೀತೀಯ ಅಂತ ಗೊತ್ತಿತ್ತು. ಅದ್ಕೆ ಸುಳ್ಳು ಹೇಳ್ದೆ."

ನಾಗೇಂದ್ರ ಅವಳ ಮುಂದಿದ್ದ ಮಜ್ಜಿಗೆಯ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಮತ್ತೆ ಹೊರಗೆ ಬರಲಿಲ್ಲ.

ಅರ್ಚನ ಗೋಡೆ ಬಿಟ್ಟು ಮುಂದೆ ಬಂದಳು. ಆಮೇಲೆ, "ನಾನು ನಿನ್ನ ಕುರುಡಿ ಮಾಡಿದೆ ಅಂದ್ಕೊಂಡಿದ್ದೆ," ಎಂದಳು. ಅವಳ ದನಿ ಏರಲಿಲ್ಲ. "ಪ್ರಾಕ್ಟೀಸಿಗೆ ಹೋದ್ರೆ ಮಂಡಿ ಮೇಲೇಳಲ್ಲ ನಂಗೆ. ಬ್ಯಾಗಿಗೆ ಹೊಡೆಯೋಕೂ ಕಾಲು ಬರಲ್ಲ. ಅಪ್ಪ ಆಫೀಸಿಗೆ ತಲೆ ತಗ್ಗಿಸ್ಕೊಂಡು ಹೋಗ್ತಾರೆ. ಈಗ ಬಂದು ನನ್ನೊಬ್ಬಳ ಕಿವೀಲಿ ಹೇಳಿ ಹೋಗ್ತೀಯಾ? ನನ್ನ ಬೈದೋರೆಲ್ಲ ಕೇಳೋ ಹಾಗೆ ಹೇಳು."

"ಹೇಳ್ತೀನಿ."

"ಸರಿ, ಹೊರಡು."

ಊರಿಗೆ ತಿಳಿಯುವ ಮೊದಲು ತಾಯಿಗೆ ತಿಳಿಯಬೇಕಿತ್ತು. ಸಂಜೆ ಸರಸಮ್ಮ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಸಿಂಚನ ಎಲ್ಲವನ್ನೂ ಹೇಳಿದಳು. ಸರಸಮ್ಮ ಕೈಯಲ್ಲಿದ್ದ ಹುಲ್ಲನ್ನು ಪೂರ್ತಿ ಹಾಕಿ ಮುಗಿಸಿದಳು.

"ಕಣ್ಣು ನೆಟ್ಟಗಿರುವಾಗ್ಲೇ ನನ್ ಜೊತೆ ಬಂದು ಅಮ್ಮನ ಮುಂದೆ ನಿಂತ್ಕಂಡ್ಯಲ್ಲ," ಎಂದಳು. "ನನ್ ಕೈಲೇ ದೇವ್ರಿಗೆ ಸುಳ್ಳು ಹೇಳ್ಸ್ಬುಟ್ಟೆ."

ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಸೊಡರು ಹಚ್ಚಿದಳು. ಅವತ್ತಿನಿಂದ ಮಗಳ ತಟ್ಟೆಗೆ ಮುದ್ದೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಸಿಂಚನ ಗರಡಿಯಲ್ಲಿ ನಿಂತು ವಿಡಿಯೊ ಮಾಡಿ ಎಲ್ಲರಿಗೂ ಕಾಣುವಂತೆ ಹಾಕಿದಳು. ನನಗೆ ಕಣ್ಣು ಕಾಣುತ್ತಿತ್ತು, ನಾನು ಹೆದರಿದ್ದೆ, ಅರ್ಚನ ಮೋಸಗಾತಿಯಲ್ಲ ಎಂದು ಹೇಳಿದಳು. ಹಿಂದೆ ಅರ್ಚನಳನ್ನು ಬೈದವರು ಈಗ ಇವಳನ್ನು ಬೈದರು. ಹೊಡೆತ ನಿಯಮ ಮೀರಿದ್ದೇ ಆದ್ದರಿಂದ ಫಲಿತಾಂಶ ಬದಲಾಗುವುದಿಲ್ಲವೆಂದು ಸಂಘಟಕರು ತಿಳಿಸಿದರು. ವಿದೇಶದ ಪಂದ್ಯವನ್ನು ಅವಳೇ ಬಿಟ್ಟಳು. ಮತ್ತೆ ಯಾವ ಪಂದ್ಯಕ್ಕೂ ಅವಳಿಗೆ ಕರೆ ಬರಲಿಲ್ಲ. ಕೆಂಪಣ್ಣ ದಾರಿಯಲ್ಲಿ ಸಿಕ್ಕಾಗ ಗಾಡಿ ನಿಲ್ಲಿಸಿ, "ನೀನು ಸುಮ್ಕಿದ್ದಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ಲ ಕಣವ್ವ. ನಮ್ ಮರ್ಯಾದೆನೂ ಕಳುದ್ಬುಟ್ಯಲ್ಲ," ಎಂದು ಗೊಣಗಿ ಹೋದರು.

ಕೆಲವು ದಿನಗಳ ಮೇಲೆ ಅರ್ಚನಳ ಫೋನು ಬಂತು.

"ನಿಮ್ಮಮ್ಮ ಇಲ್ಲಿಗೆ ಬಂದಿದ್ರು. ಹಣ್ಣು, ವೀಳ್ಯದೆಲೆ ತಂದಿದ್ರು. ನಮ್ಮಪ್ಪನ ಕಾಲಿಗೆ ಬೀಳೋಕೆ ಹೋದ್ರು. ಅಪ್ಪ ಹಿಡ್ಕೊಂಡು ಎಬ್ಬಿಸಿದ್ರು. ಅಷ್ಟು ವಯಸ್ಸಾದವರು ನಿನಗೋಸ್ಕರ ಬಗ್ಗಬಾರದು ಕಣೇ. ಅದನ್ನ ನೋಡೋಕೆ ನನ್ನಿಂದ ಆಗ್ಲಿಲ್ಲ."

ಸಿಂಚನಳಿಗೆ ಇದೊಂದೂ ತಿಳಿದಿರಲಿಲ್ಲ. ಅವತ್ತು ತಾಯಿ ನೆಂಟರ ಮನೆಗೆಂದು ಒಳ್ಳೆಯ ಸೀರೆ ಉಟ್ಟು ಹೋಗಿದ್ದಳು. ಸಿಂಚನ ಫೋನು ಹಿಡಿದುಕೊಂಡೇ ಜಗಲಿಯ ಮೇಲೆ ಕೂತಳು. ಪಂಜರದಲ್ಲಿ, ಡೈರಿಯ ಮುಂದೆ, ಗುಡಿಯಲ್ಲಿ ಆಗದಷ್ಟು ನಾಚಿಕೆ ಈಗ ಆಯಿತು.

"ನಂಗೆ ಮತ್ತೆ ಪಂದ್ಯ ಕೊಟ್ಟಿದಾರೆ," ಎಂದಳು ಅರ್ಚನ. "ನನ್ನ ತೂಕದ ಹುಡುಗಿ ಇಲ್ಲಿ ಯಾರೂ ಇಲ್ಲ, ಅಭ್ಯಾಸಕ್ಕೆ. ಬರ್ತೀಯಾ?"

ಸಿಂಚನ ಹೋದಳು. ನಾಗಮಂಗಲದ ಒಂದು ಹಳೆಯ ಅಕ್ಕಿ ಗಿರಣಿಯಲ್ಲಿ ಮ್ಯಾಟು ಹಾಸಿದ್ದರು. ಅರ್ಚನ ಗುದ್ದುತ್ತಿದ್ದಳು, ಒದೆಯುತ್ತಿದ್ದಳು, ಕುತ್ತಿಗೆ ಹಿಡಿದ ಮೇಲೆ ಮಾತ್ರ ಮಂಡಿ ಎತ್ತದೆ ಬಿಟ್ಟುಬಿಡುತ್ತಿದ್ದಳು. ದಿನವೂ ಹಾಗೇ ಆಗುತ್ತಿತ್ತು.

"ಎತ್ತು," ಎಂದಳು ಸಿಂಚನ ಒಂದು ಬೆಳಿಗ್ಗೆ. "ನಾನು ನಿಂತೇ ಇದೀನಿ. ಎತ್ತಿ ಒಡಿ."

ಅರ್ಚನ ಹೊಡೆದಳು. ಮಂಡಿ ಹೊಟ್ಟೆಗೆ ನೇರವಾಗಿ ಬಂತು. ಸಿಂಚನ ಮಡಿಚಿಕೊಂಡು ಬಿದ್ದಳು. ಅರ್ಚನ ನೋಡುತ್ತಾ ನಿಂತಳು, ಕೈ ಚಾಚಲಿಲ್ಲ, ಕ್ಷಮೆ ಕೇಳಲೂ ಇಲ್ಲ. ಉಸಿರು ಬಂದ ಮೇಲೆ ಸಿಂಚನ ತಾನೇ ಎದ್ದು ನಿಂತಳು. ಅವರು ಮತ್ತೆ ಶುರು ಮಾಡಿದರು.

ಅರ್ಚನ ಆ ಪಂದ್ಯ ಗೆದ್ದಳು. ಇಬ್ಬರೂ ಗೆಳತಿಯರೇನೂ ಆಗಲಿಲ್ಲ. ನಾಗೇಂದ್ರ ಇಂದಿಗೂ ಸಿಂಚನಳನ್ನು ಕಂಡರೆ ತಲೆಯಾಡಿಸಿ ಸುಮ್ಮನೆ ಮುಂದೆ ಹೋಗುತ್ತಾರೆ. ಸಿಂಚನ ಈಗ ಪಾಂಡವಪುರದ ಗರಡಿಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಶಾಲೆಯ ಸಮಾರಂಭಗಳಿಗೆ ಕರೆದವರು ಅರ್ಚನಳನ್ನೇ ಸೋಲಿಸಿದವಳು ಎಂದು ಅವಳನ್ನು ಪರಿಚಯಿಸುತ್ತಾರೆ. ಅವಳು ಎದ್ದು, ಇಲ್ಲ, ಅವತ್ತು ನಾನು ಸೋತಿದ್ದೆ ಎಂದು ಹೇಳಿ, ಹೇಗೆಂದು ವಿವರಿಸುತ್ತಾಳೆ. ಕರೆದವರಿಗೆ ಮುಜುಗರವಾಗುತ್ತದೆ. ಎರಡನೆಯ ಸಲ ಅವರು ಕರೆಯುವುದಿಲ್ಲ.